ನಿಲ್ಲಿಸದ ಕಾರಿಗೆ ನಿಲುಗಡೆ ದಂಡ

ನಾನು ಬಸ್ಸು ಓಡಿಸಿ ತಲೆ ನೆರೆಸಿಕೊಂಡವನು. ಬ್ರಿಗ್‌ಥಾರ್ಪಿನಿಂದ ಗುಡ್ಡ ಹತ್ತಿ ಆಚೆಯ ಊರಿಗೆ, ಅಲ್ಲಿಂದ ಮತ್ತೆ ಗುಡ್ಡ ಇಳಿದು ಮನೆಗೆ. ರಸ್ತೆಯ ಮಟ್ಟಿಗೆ ನನ್ನದು ಆನೆ ಹೋದದ್ದೇ ದಾರಿ. ಸೈಕಲ್ಲಿನವರು, ಹಾಲಿನ ಗಾಡಿಯವರು, ಹೊಸ ಕಾರು ಕೊಂಡ ಶೋಕಿಯವರು ಎಲ್ಲರೂ ನನ್ನ ಹಾರನ್ನಿಗೆ ಪಕ್ಕಕ್ಕೆ ಸರಿಯುತ್ತಿದ್ದರು. ನನ್ನನ್ನು ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ, ತಪ್ಪದೆ ನಡುರಸ್ತೆಯಲ್ಲಿ ನಿಲ್ಲಿಸುತ್ತಿದ್ದ ಜೀವ ಈ ಯಾರ್ಕ್‌ಷೈರ್ ಸೀಮೆಯಲ್ಲಿ ಒಂದೇ ಒಂದು. ಅವಳು ಥೆಲ್ಮಾ ಬಿಕರ್ಡೈಕ್.

ಥೆಲ್ಮಾ ನಮ್ಮ ಪ್ರಾಥಮಿಕ ಶಾಲೆಯ ಲಾಲಿಪಾಪ್ ಹೆಂಗಸು. ಮಂಡಿ ದಾಟುವ ಹಳದಿ ಕೋಟು, ಕಿವಿ ಮುಚ್ಚುವ ಟೋಪಿ, ಕೈಯಲ್ಲಿ ತನಗಿಂತ ಎತ್ತರದ ಕೋಲು, ಕೋಲಿನ ತುದಿಗೆ 'ನಿಲ್ಲಿ' ಎಂದು ಬರೆದ ದುಂಡನೆಯ ಹಲಗೆ. ದೂರದಿಂದ ದೊಡ್ಡದೊಂದು ಲಾಲಿಪಾಪ್ ಹಿಡಿದುಕೊಂಡು ನಿಂತ ಹಾಗೆ ಕಾಣುವುದರಿಂದ ಆ ಕೆಲಸಕ್ಕೆ ಆ ಹೆಸರು. ಆ ಹಲಗೆ ರಸ್ತೆಗೆ ಇಳಿಯಿತೆಂದರೆ ರಾಜರ ಕಾರೂ ನಿಲ್ಲಬೇಕು, ಅದು ಕಾನೂನು. ನಮ್ಮೂರಿನಲ್ಲಿ ಇವತ್ತು ನಲವತ್ತರ ಒಳಗಿರುವ ಹೆಚ್ಚುಕಡಿಮೆ ಎಲ್ಲರನ್ನೂ ಅವಳು ಆ ರಸ್ತೆ ದಾಟಿಸಿದ್ದಾಳೆ. ಮಕ್ಕಳನ್ನಷ್ಟೇ ಆಗಿದ್ದರೆ ನಾನೇನೂ ಅನ್ನುತ್ತಿರಲಿಲ್ಲ. ಒಂದು ದಿನ ಬಸ್ಸು ತುಂಬ ಜನ ಇಟ್ಟುಕೊಂಡು ನಾನು ಕಾದು ಕೂತಿದ್ದೆ, ಇವಳು ಕಾಲುವೆಯಿಂದ ಎದ್ದುಬಂದ ಬಾತುಕೋಳಿಗಳ ಸಂಸಾರವನ್ನು ದಾಟಿಸುತ್ತಿದ್ದಳು.

"ಏನು ಥೆಲ್ಮಾ, ಇವಕ್ಕೂ ಸ್ಕೂಲಿಗೆ ಅಡ್ಮಿಷನ್ ಆಯ್ತಾ?" ಎಂದು ಕಿಟಕಿಯಿಂದ ಕೂಗಿದೆ.

"ಅವಕ್ಕೂ ಅಮ್ಮ ಅಂತ ಒಬ್ಬಳಿರ್ತಾಳೆ ಕಂದ. ನೀನು ಕಿಟಕಿ ಮುಚ್ಕೋ, ಥಂಡಿ ಹತ್ತುತ್ತೆ," ಎಂದಳು.

ಅವಳಿಗೆ ಎಲ್ಲರೂ ಕಂದ. ಆರು ವರ್ಷದ ಹುಡುಗಿಯೂ ಕಂದ, ಶಾಲೆಯ ಹೆಡ್‌ಮಾಸ್ಟರೂ ಕಂದ, ಮೀಸೆ ಹೊತ್ತ ನಾನೂ ಕಂದ. "ಬಾ ಕಂದ, ದಾಟು" ಎನ್ನುವುದು ಅವಳ ಮಂತ್ರ.

ನನಗೆ ಅವಳು ಪಕ್ಕದ ಮನೆಯವಳೂ ಹೌದು. ಗೋಡೆಗೆ ಗೋಡೆ ಅಂಟಿದ ಮನೆಗಳು ನಮ್ಮವು. ಅವಳ ಮನೆಯಲ್ಲಿ ಕೆಟಲ್ ಕುದಿದರೆ ನನ್ನ ಮನೆಯಲ್ಲಿ ಕೇಳಿಸುತ್ತದೆ. ಅವಳ ಗಂಡ ಅರ್ನಾಲ್ಡ್ ಬದುಕಿರುವವರೆಗೆ ಅವನ ಮಾತೂ ಕೇಳಿಸುತ್ತಿತ್ತು. ಮನುಷ್ಯ ಕೆಟ್ಟವನಲ್ಲ, ಆದರೆ ನಾಲಗೆಗೆ ಬ್ರೇಕು ಇರಲಿಲ್ಲ. ಥೆಲ್ಮಾ ಕಾರು ಕಲಿಯುತ್ತೇನೆ ಎಂದಾಗಲೆಲ್ಲ ಅವನದು ಒಂದೇ ಉತ್ತರ.

"ರಸ್ತೆ ಇರೋದು ನುಗ್ಗೋರಿಗೆ ಕಣೇ. ನೀನು ನಿಂತ್ಕೊಳ್ಳೋಳು. ಸ್ಟೀರಿಂಗ್ ನಿನಗೆ ಹೇಳಿದ್ದಲ್ಲ, ಬಿಡು."

ಅವಳು ಬಿಟ್ಟಿದ್ದಳು. ಅರ್ನಾಲ್ಡ್ ತೀರಿಕೊಂಡು, ಅವಳ ಕೆಲಸಕ್ಕೂ ನಿವೃತ್ತಿಯಾಗಿ, ಶಾಲೆಯವರು ಆ ಕೋಲನ್ನೇ ಉಡುಗೊರೆ ಕೊಟ್ಟು ಕಳಿಸಿದ ಮೇಲೆ ಒಂದು ಬೆಳಿಗ್ಗೆ ನನ್ನ ಬಾಗಿಲು ಬಡಿದಳು. "ಸೆಡ್ರಿಕ್, ನಂಗೆ ಕಾರು ಕಲಿಸು. ಇಷ್ಟು ವರ್ಷ ನಿನ್ನ ಬಸ್ಸು ನಿಲ್ಲಿಸಿದೀನಿ, ಅದೇ ಋಣ ಅಂತ ತಿಳ್ಕೋ."

ಯಾರ ಋಣ ಯಾರಿಗೆ ಎಂದು ಕೇಳಬೇಕಿತ್ತು, ಕೇಳಲಿಲ್ಲ. ಕಲಿಸಿದೆ. ಆಹಾ, ಆ ಪಾಠಗಳು! ಗೇರು, ಕ್ಲಚ್ಚು, ಹಿಂದಕ್ಕೆ ತಿರುಗಿಸುವುದು, ಎಲ್ಲ ಅಚ್ಚುಕಟ್ಟು. ಆದರೆ ರಸ್ತೆಯಲ್ಲಿ ಇನ್ನೊಂದು ಗಾಡಿ ಕಂಡರೆ ಸಾಕು, ನಿಂತುಬಿಡುವಳು. ವೃತ್ತದ ಬಾಯಿಗೆ ಬಂದು ನಿಂತಳೆಂದರೆ ಇಡೀ ತಾಲ್ಲೂಕು ದಾಟಿ ಹೋಗುವವರೆಗೂ ಅಲ್ಲೇ. ನಾನು ಪಕ್ಕದಲ್ಲಿ ಕೂತು "ಹೋಗು, ಹೋಗು, ಹೋಗು ಮಾರಾಯ್ತಿ" ಎಂದು ಗಂಟಲು ಹರಿದುಕೊಳ್ಳುವುದು, ಅವಳು "ಪಾಪ, ಅವರಿಗೆ ಏನು ಅರ್ಜೆಂಟೋ" ಎನ್ನುವುದು. ನಾಲ್ಕು ಸಲ ಪರೀಕ್ಷೆಯಲ್ಲಿ ನಪಾಸಾದಳು. ನಾಲ್ಕು ಸಲವೂ ಪರೀಕ್ಷಕ ಬರೆದದ್ದು ಒಂದೇ ಕಾರಣ: ಅನಗತ್ಯ ಹಿಂಜರಿಕೆ. ಐದನೆಯ ಪರೀಕ್ಷೆ ದೊಡ್ಡ ಫುಟ್‌ಬಾಲ್ ಪಂದ್ಯದ ಮಧ್ಯಾಹ್ನಕ್ಕೆ ಬಿತ್ತು. ಊರೆಲ್ಲ ಟಿ.ವಿ. ಮುಂದೆ ಕೂತಿತ್ತು, ದಾರಿ ಬಿಟ್ಟುಕೊಡಲು ರಸ್ತೆಯಲ್ಲಿ ಒಂದು ಪ್ರಾಣಿಯೂ ಇರಲಿಲ್ಲ. ಪಾಸಾದಳು.

ತನ್ನ ಕೋಟಿನ ಬಣ್ಣದ್ದೇ ಒಂದು ಪುಟ್ಟ ಹಳದಿ ಕಾರು ಕೊಂಡಳು. ಆಮೇಲೆ ನನ್ನ ಕಣ್ಣು ಕೆಟ್ಟಿತು. ಡಾಕ್ಟರು ಸ್ಟೀರಿಂಗ್ ಮುಟ್ಟಕೂಡದು ಎಂದರು, ಲೈಸೆನ್ಸು ವಾಪಸು ಕೊಟ್ಟೆ. ಹಾಗೆ, ಒಂದು ಕಾಲದಲ್ಲಿ ನನ್ನನ್ನು ನಿಲ್ಲಿಸುತ್ತಿದ್ದವಳೇ ಈಗ ನನ್ನನ್ನು ಕರೆದುಕೊಂಡು ಹೋಗುವವಳಾದಳು. ಪ್ರತಿ ಗುರುವಾರ ಪೇಟೆಗೆ ಹೋಗುತ್ತೇವೆ, ಮೇವಿಸ್‌ಳ ಅಂಗಡಿಯಲ್ಲಿ ಬಿಸಿ ಮಾಂಸದ ಪೈ, ಮೇಲೆ ಬಟಾಣಿ ಗೊಜ್ಜು, ಒಂದು ದೊಡ್ಡ ಪಾಟು ಚಹಾ. ವಾರದ ಉಳಿದ ದಿನಗಳು ನನಗೆ ಆ ಗುರುವಾರಕ್ಕೆ ಕಾಯುವುದಕ್ಕೆ ಮಾತ್ರ ಇರುವುದು. ಇದನ್ನು ಅವಳ ಎದುರಿಗೆ ನಾನು ಒಪ್ಪಿಕೊಳ್ಳುವುದಿಲ್ಲ.

ಆ ಗುರುವಾರ ರಸ್ತೆ ಅಗೆದಿದ್ದರು, ನಾವು ಮಾಮೂಲಿಯಾಗಿ ನಿಲ್ಲಿಸುವ ಬೀದಿ ಬಂದ್ ಆಗಿತ್ತು. ಹಾಗಾಗಿ ಹಳೇ ಉಣ್ಣೆ ಗಿರಣಿ ಕೆಡವಿದ ಜಾಗದಲ್ಲಿ ಮಾಡಿರುವ ಕಾರ್ ಪಾರ್ಕಿಗೆ ಹೋದೆವು. ಅದು ಯಾವುದೋ ಖಾಸಗಿ ಕಂಪನಿಯದು. ಕಾವಲುಗಾರ ಇಲ್ಲ, ಗೇಟಿಲ್ಲ. ಬಾಯಲ್ಲೊಂದು ಕಂಬ, ಕಂಬದ ಮೇಲೆ ನಂಬರ್ ಪ್ಲೇಟು ಓದುವ ಕ್ಯಾಮೆರಾ. ಸಂತೆಯ ದಿನವಾದ್ದರಿಂದ ಒಳಗೆ ಕಾಲಿಡಲು ಜಾಗವಿರಲಿಲ್ಲ. ಸುತ್ತು ಹಾಕುತ್ತಾ ಇದ್ದೆವು. ಒಂದು ಕಾರು ಹೊರಟಿತು, ಜಾಗ ಆಯಿತು.

"ನುಗ್ಗು!" ಎಂದೆ.

"ಆ ಹೆಂಗಸಿನ ಜೊತೆ ಮಗು ಇದೆ ನೋಡು," ಎಂದು ಥೆಲ್ಮಾ ನಿಂತಳು, ಕೈ ಬೀಸಿದಳು. ಆ ಹೆಂಗಸು ಹೋಗಿ ನಿಲ್ಲಿಸಿದಳು.

ಮತ್ತೊಂದು ಜಾಗ ಆಯಿತು. ಅದು ಊರುಗೋಲಿನ ಮುದುಕನಿಗೆ ಹೋಯಿತು. ಇನ್ನೊಂದು, ಗಿಡದ ಕುಂಡ ತುಂಬಿಕೊಂಡು ಬಂದ ದಂಪತಿಗೆ. "ಕುಂಡ ಭಾರ ಇರುತ್ತೆ ಪಾಪ" ಅಂತೆ! ನನ್ನ ಹೊಟ್ಟೆಯೊಳಗೆ ಹುಲಿ ಎದ್ದು ಕೂತಿತ್ತು. ಮೇವಿಸ್ ಮಧ್ಯಾಹ್ನದ ಹೊತ್ತಿಗೆ ಪೈ ಮುಗಿಸಿ ಬಾಗಿಲು ಹಾಕುತ್ತಾಳೆ, ಅದು ಥೆಲ್ಮಾಳಿಗೂ ಗೊತ್ತು.

ಕೊನೆಗೆ ನಮ್ಮ ಮೂಗಿನ ಮುಂದೆಯೇ ಒಂದು ಜಾಗ ಖಾಲಿಯಾಯಿತು. ಎದುರಿನಿಂದ ಒಂದು ಬೂದು ಬಣ್ಣದ ಕಾರು ಬಂದು ನಿಂತಿತು. ಅದರಲ್ಲಿ ಟೈ ಕಟ್ಟಿಕೊಂಡ ಹಿರಿಯರೊಬ್ಬರು. ಥೆಲ್ಮಾ ಕೈ ಬೀಸಿದಳು: ನೀವು ಮೊದಲು. ಅವರು ಹ್ಯಾಟು ಎತ್ತಿ ಕೈ ಬೀಸಿದರು: ಛೆ ಛೆ, ನೀವು. ಇವಳು ಎರಡೂ ಕೈ ಬೀಸಿದಳು. ಅವರು ತಲೆ ಬಾಗಿಸಿದರು. ಇವಳು ದೀಪ ಮಿನುಗಿಸಿದಳು, ಅವರೂ ಮಿನುಗಿಸಿದರು. ನಾನು ಮದುವೆ ಮನೆಗಳಲ್ಲಿ ಕೂಡ ಇಂಥ ಉಪಚಾರ ನೋಡಿಲ್ಲ. ಇದು ಎಷ್ಟು ಹೊತ್ತು ನಡೆಯಿತೆಂದರೆ, ನಾನು ಸೀಟಿಗೆ ಒರಗಿ ಕಣ್ಣು ಮುಚ್ಚಿದೆ. ಕಣ್ಣು ತೆರೆದಾಗ ಹಿಂದಿನಿಂದ ಬಂದ ಬಿಳಿ ವ್ಯಾನೊಂದು ಇಬ್ಬರ ನಡುವೆ ಸುಂಯ್ಯನೆ ನುಗ್ಗಿ ಆ ಜಾಗದಲ್ಲಿ ಕೂತಿತ್ತು.

"ನೋಡ್ದಾ? ಹಾಗೆ ಓಡಿಸ್ಬೇಕು!" ಎಂದೆ.

"ಅವನಿಗೆ ಏನೋ ಅವಸರ ಇತ್ತು ಕಂದ," ಎಂದಳು. ಗಡಿಯಾರ ನೋಡಿದಳು. ಪೈ ಮುಗಿದಿರುತ್ತದೆ ಎಂದು ಇಬ್ಬರಿಗೂ ಗೊತ್ತಾಯಿತು. ಹೊರಗೆ ಹೊರಟೆವು. ಮನೆಯಲ್ಲಿ ಬ್ರೆಡ್ಡು ಬೀನ್ಸು ತಿಂದೆವು.

ಮುಂದಿನ ವಾರ ನೋಟೀಸು ಬಂತು. ಎರಡು ಫೋಟೋ: ಹಳದಿ ಕಾರಿನ ಮೂಗು ಒಳಗೆ ಹೋಗುವುದು, ಹಳದಿ ಕಾರಿನ ಬೆನ್ನು ಹೊರಗೆ ಬರುವುದು. ನಡುವೆ ಮುಕ್ಕಾಲು ಗಂಟೆ. ಟಿಕೆಟ್ ಕೊಳ್ಳದೆ ಇಷ್ಟು ಹೊತ್ತು ವಾಹನ ನಿಲ್ಲಿಸಿದ್ದೀರಿ, ನೂರು ಪೌಂಡ್ ಕಟ್ಟಿ; ಹದಿನಾಲ್ಕು ದಿನದೊಳಗೆ ಕಟ್ಟಿದರೆ ಅರವತ್ತು ಸಾಕು. ಥೆಲ್ಮಾ ಅದನ್ನು ಹಿಡಿದುಕೊಂಡು ನನ್ನ ಅಡುಗೆಮನೆಗೆ ಬಂದು ಕೂತಳು. ನಾನು ಮೊದಲು ನಕ್ಕೆ. ಅವಳ ಮುಖ ನೋಡಿ ನಿಲ್ಲಿಸಿದೆ.

"ಅರ್ನಾಲ್ಡ್ ಹೇಳಿದ್ದು ಸರಿ ಕಣೋ," ಎಂದಳು. "ನಾನು ರಸ್ತೆಗೆ ಲಾಯಕ್ಕಿಲ್ಲ. ನಿಂತ್ಕೊಂಡಿದ್ದಕ್ಕೆ ನಾಲ್ಕು ಸಲ ಫೇಲು ಮಾಡಿದ್ರು, ಈಗ ನಿಂತ್ಕೊಂಡಿದ್ದಕ್ಕೆ ದಂಡ. ದುಡ್ಡಿನ ಮಾತಲ್ಲ. ಇದನ್ನ ಕಟ್ಟಬೇಕಾಗಿ ಬಂದ್ರೆ, ಕಟ್ಟಿದ ದಿನಾನೇ ಕಾರು ಮಾರಿಬಿಡ್ತೀನಿ. ಇನ್ನು ಬಸ್ಸಲ್ಲೇ ಓಡಾಡೋದು."

"ಬಸ್ಸೆಲ್ಲಿದೆ ಈಗ? ನಾನಿಳಿದ ಮೇಲೆ ಆ ರೂಟೇ ನಿಲ್ಲಿಸಿದಾರೆ."

"ನಡೀತೀನಿ."

ಅವಳು ಹೇಳಿದರೆ ಹೇಳಿದ ಹಾಗೆ ಮಾಡುವವಳು. ಅವಳ ಕಾರು ಹೋದರೆ ನನ್ನ ಗುರುವಾರ ಹೋಯಿತು. ಅದಕ್ಕಿಂತ ಹೆಚ್ಚಾಗಿ, ಸತ್ತು ಮಣ್ಣಾದ ಅರ್ನಾಲ್ಡ್ ಗೆಲ್ಲುವುದು ನನಗೆ ಸುತರಾಂ ಬೇಕಿರಲಿಲ್ಲ.

ನಮ್ಮ ದೇಶದಲ್ಲಿ ಹವಾಮಾನ ಬಿಟ್ಟರೆ ಪ್ರತಿಯೊಬ್ಬರೂ ಪಂಡಿತರಾಗಿರುವ ಇನ್ನೊಂದು ವಿಷಯ ಕಾರ್ ಪಾರ್ಕಿನ ನೋಟೀಸು. ಮೇವಿಸ್‌ಳ ಅಂಗಡಿಯಲ್ಲಿ ಹತ್ತು ಬಾಯಿಗೆ ಹತ್ತು ಬುದ್ಧಿ. "ಹರಿದು ಬಿಸಾಕಿ, ಅವರೇನು ಪೊಲೀಸರಾ?" ಎಂದ ಒಬ್ಬ. "ಹಾಗೆ ಬಿಸಾಕಿದ ನನ್ನ ಭಾವನ ಮನೆಗೆ ಕೋರ್ಟಿನಿಂದ ಕಾಗದ ಬಂತು," ಎಂದಳು ಇನ್ನೊಬ್ಬಳು. "ಅರವತ್ತು ಬಿಸಾಕಿ ನೆಮ್ಮದಿಯಾಗಿ ಮಲಗಿ," ಎಂದ ಮೂರನೆಯವನು. ಮೇವಿಸ್ ಮಾತ್ರ ಪೈ ತಟ್ಟೆ ಕುಕ್ಕಿ, "ಮೊದಲು ಕಂಪನಿಗೆ ಮೇಲ್ಮನವಿ ಬರಿ. ಅವರು ಒಪ್ಪದಿದ್ರೆ ಅದಕ್ಕಂತ್ಲೇ ಬೇರೆ ಸ್ವತಂತ್ರ ಮಂಡಳಿ ಇದೆ, ಅಲ್ಲಿಗೆ ಬರಿ. ಕಟ್ಟಿಬಿಟ್ಟರೆ ಮುಗೀತು, ಆಮೇಲೆ ಕೇಳೋಕೆ ಬಾಯಿರಲ್ಲ," ಎಂದಳು. ಅದು ಸರಿ ಅನ್ನಿಸಿತು.

ನಾನು ಬರೆದುಕೊಡುತ್ತೇನೆ ಎಂದೆ. ನಿನ್ನ ಬಾಯಿ ಬಸ್ ಸ್ಟ್ಯಾಂಡಿನ ಬಾಯಿ, ನಾನೇ ಬರೆಯುತ್ತೇನೆ ಎಂದಳು. ಬರೆದಳು, ಕಳಿಸಿದಳು, ನನಗೆ ತೋರಿಸಲಿಲ್ಲ. ತೋರಿಸಿದ್ದರೆ ಕೈ ಹಿಡಿದು ತಡೆಯುತ್ತಿದ್ದೆ. ಕಂಪನಿಯ ಉತ್ತರ ಬಂದ ಮೇಲೆ ನಕಲು ಓದಿಸಿಕೊಂಡೆ. ಪತ್ರ ಶುರುವಾಗುವುದೇ 'ತಮ್ಮ ಅಮೂಲ್ಯ ಸಮಯ ಹಾಳುಮಾಡುತ್ತಿರುವುದಕ್ಕೆ ಕ್ಷಮಿಸಿ' ಎಂದು. ಆಮೇಲೆ 'ಅಂದು ತಮ್ಮ ಜಾಗದಲ್ಲಿ ಅಡ್ಡಾಡಿ ತೊಂದರೆ ಕೊಟ್ಟಿದ್ದಕ್ಕೆ ಕ್ಷಮಿಸಿ'. ಕೊನೆಗೆ 'ನನ್ನ ಕೈಬರಹಕ್ಕೂ ಕ್ಷಮಿಸಿ'. ನಡುವೆ ಎಲ್ಲೋ ಒಂದು ಸಾಲು, ತಾನು ಕಾರು ನಿಲ್ಲಿಸಲೇ ಇಲ್ಲ ಎಂದು.

ನಮ್ಮ ಜನಕ್ಕೆ ಇದೊಂದು ರೋಗ. ಯಾರಾದರೂ ನಮ್ಮ ಕಾಲು ತುಳಿದರೆ ಕ್ಷಮಿಸಿ ಎನ್ನುವವರು ನಾವು. ಬಾಗಿಲಿಗೆ ಡಿಕ್ಕಿ ಹೊಡೆದು ಬಾಗಿಲಿಗೇ ಕ್ಷಮಿಸಿ ಎಂದದ್ದು ನಾನೇ ಎಷ್ಟೋ ಸಲ. ಆದರೆ ಆ ಕಂಪನಿಯಲ್ಲಿ ಪತ್ರ ಓದಿದವನು ಯಾವ ಮಣ್ಣಿನವನೋ. ಅವನ ಉತ್ತರ ಹೀಗಿತ್ತು: 'ತಾವೇ ಮೂರು ಬಾರಿ ಕ್ಷಮೆ ಕೋರಿ ತಪ್ಪನ್ನು ಒಪ್ಪಿಕೊಂಡಿರುವುದರಿಂದ ಮನವಿಯನ್ನು ತಿರಸ್ಕರಿಸಲಾಗಿದೆ.'

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅನ್ನೋ ಹಾಗೆ ಮಾಡಿದೀಯಲ್ಲೇ!" ಎಂದು ಕೂಗಾಡಿದೆ. "ಕದೀದೇ ಇರೋ ಕಾಯಿಗೆ ಹೆಗಲು ಸವರ್ಕೊಂಡು ಕೂತಿದೀಯ!"

"ಕ್ಷಮಿಸು ಸೆಡ್ರಿಕ್," ಎಂದಳು.

ನಾನು ಎದ್ದು ಹೊರಗೆ ಹೋದೆ. ಹಿತ್ತಿಲಲ್ಲಿ ನಿಂತು ಬೇಲಿಯ ಜೊತೆ ಸ್ವಲ್ಪ ಹೊತ್ತು ಜಗಳವಾಡಿ ಒಳಗೆ ಬಂದೆ. ಬಂದು ನೋಡಿದರೆ ಥೆಲ್ಮಾ ಒಂದು ರಟ್ಟಿನ ಮೇಲೆ 'ಮಾರಾಟಕ್ಕಿದೆ' ಎಂದು ದಪ್ಪ ಅಕ್ಷರದಲ್ಲಿ ಬರೆಯುತ್ತಿದ್ದಳು. ಅದನ್ನು ಕಸಿದು ನನ್ನ ಡ್ರಾಯರಿನಲ್ಲಿ ಹಾಕಿ ಬೀಗ ಜಡಿದೆ.

"ಇನ್ನೂ ಮಂಡಳಿ ಇದೆ. ನಾವು ನಿಲ್ಲಿಸಿಲ್ಲ ಅಂತ ಸಾಕ್ಷಿ ಕೊಟ್ರೆ ಆಯ್ತು. ಅಲ್ಲಿ ನಾನಿದ್ನಲ್ಲ?"

"ಕಣ್ಣು ಕಾಣಲ್ಲ ಅಂತ ಲೈಸೆನ್ಸ್ ವಾಪಸ್ ಕೊಟ್ಟವನು ಕಣ್ಣಾರೆ ಕಂಡ ಸಾಕ್ಷಿನಾ?" ಎಂದು ಅಷ್ಟು ದುಃಖದಲ್ಲೂ ನಕ್ಕಳು. ಮಾತು ಖರೆ. ಬೇರೆ ಸಾಕ್ಷಿ ಬೇಕಿತ್ತು.

ಅವಳನ್ನು ಕೇಳಿದರೆ ಬೇಡ ಅನ್ನುತ್ತಾಳೆ, ಯಾರಿಗೂ ತೊಂದರೆ ಕೊಡಬಾರದು ಅನ್ನುತ್ತಾಳೆ. ಹಾಗಾಗಿ ಕೇಳಲಿಲ್ಲ. ಮೇವಿಸ್‌ಳ ಅಂಗಡಿಯ ಕಿಟಕಿಗೆ ಒಂದು ಕಾಗದ ಅಂಟಿಸಿದೆ. ಬೆಕ್ಕು ಕಳೆದುಹೋಗಿದೆ ಎನ್ನುವ ಚೀಟಿಯ ಪಕ್ಕದಲ್ಲೇ. 'ಕಳೆದ ತಿಂಗಳು ರಸ್ತೆ ಅಗೆದಿದ್ದ ಗುರುವಾರ ಗಿರಣಿ ಕಾರ್ ಪಾರ್ಕಿನಲ್ಲಿ ಹಳದಿ ಕಾರಿನ ಹೆಂಗಸು ಯಾರಿಗೆಲ್ಲ ದಾರಿ ಬಿಟ್ಟಳೋ ಅವರು ಮರ್ಯಾದೆಯಾಗಿ ಒಳಗೆ ಬಂದು ಹೆಸರು ಹೇಳಿ. ನಿಮ್ಮಿಂದ ಅವಳಿಗೆ ದಂಡ ಬಿದ್ದಿದೆ.' ಸ್ವಲ್ಪ ಒರಟಾಯಿತು ಎಂದಳು ಮೇವಿಸ್. ಇರಲಿ ಎಂದೆ.

ಮೊದಲು ಬಂದವರು ಟೈ ಕಟ್ಟಿದ ಆ ಹಿರಿಯರು. ಹೆಸರು ಮಿಸ್ಟರ್ ಸಗ್ಡನ್, ಚರ್ಚಿನಲ್ಲಿ ಆರ್ಗನ್ ನುಡಿಸುವವರು. ಥೆಲ್ಮಾಳ ಮನೆಗೇ ಕರೆದುಕೊಂಡು ಬಂದೆ. ಹ್ಯಾಟು ಕೈಯಲ್ಲಿ ಹಿಡಿದು, "ನನ್ನಿಂದ ನಿಮಗೆ ತೊಂದರೆ ಆಯ್ತು, ಕ್ಷಮಿಸಿ," ಎಂದರು.

"ಅಯ್ಯೋ, ನನ್ನಿಂದ ನಿಮಗೆ. ನೀವು ಕ್ಷಮಿಸಿ," ಎಂದಳು ಥೆಲ್ಮಾ. ಮತ್ತೆ ಶುರುವಾಯಿತು ಎಂದು ನಾನು ತಲೆ ಹಿಡಿದುಕೊಂಡೆ.

ಅವರಿಗೂ ನೋಟೀಸು ಬಂದಿತ್ತಂತೆ, ಅದೇ ದಿನದ್ದು, ಅವರೂ ನಿಲ್ಲಿಸಿರಲಿಲ್ಲ.

"ಏನ್ ಮಾಡಿದ್ರಿ ಮತ್ತೆ?" ಎಂದು ಕೇಳಿದೆ.

"ಕಟ್ಟಿಬಿಟ್ಟೆ. ತಡವಾಗಿದ್ದಕ್ಕೆ ಕ್ಷಮಿಸಿ ಅಂತ ಒಂದು ಚೀಟಿ ಕೂಡ ಇಟ್ಟೆ."

"ತಡ ಆಗಿತ್ತಾ?"

"ಇಲ್ಲ, ನೋಟೀಸು ಬಂದ ಮಾರನೇ ದಿನಾನೇ ಕಟ್ಟಿದ್ದು. ಆದ್ರೂ ಬಂದ ದಿನಾನೇ ಕಟ್ಟಬಹುದಿತ್ತಲ್ಲ."

ಮೇವಿಸ್ ಹೇಳಿದ ಹಾಗೆ, ಕಟ್ಟಿದವರಿಗೆ ಇನ್ನು ಬಾಯಿಲ್ಲ. ಆದರೆ ಸಾಕ್ಷಿ ಹೇಳಬಹುದು. ಸಗ್ಡನ್ ಮುತ್ತಿನಂಥ ಅಕ್ಷರದಲ್ಲಿ ನಡೆದದ್ದನ್ನೆಲ್ಲ ಬರೆದುಕೊಟ್ಟರು. ಕೊನೆಯಲ್ಲಿ ಕ್ಷಮಿಸಿ ಎಂದು ಬರೆಯಲು ಹೊರಟಾಗ ನಾನು ಪೆನ್ನು ಕಿತ್ತುಕೊಂಡೆ.

ಆಮೇಲೆ ಮಗುವಿನ ತಾಯಿ ಬಂದಳು, ಕುಂಡದ ದಂಪತಿ ಒಂದು ಗಿಡ ಸಮೇತ ಬಂದರು. ತಮಾಷೆಯೆಂದರೆ, ಅವತ್ತು ಅಲ್ಲಿಗೆ ಬರದವರೂ ಬರತೊಡಗಿದರು. "ಆ ಗುರುವಾರ ಅಲ್ಲ, ಆದ್ರೆ ಈಸ್ಟರಿಗೆ ಮುಂಚೆ ಅವರು ನನಗೆ ದಾರಿ ಬಿಟ್ಟಿದ್ರು, ಅದು ನಡೆಯುತ್ತಾ?" ಎಂದು ಒಬ್ಬ. ಇನ್ನೊಬ್ಬಳು ಎಂಬತ್ತೊಂಬತ್ತನೇ ಇಸವಿಯಲ್ಲಿ ತನ್ನನ್ನು ರಸ್ತೆ ದಾಟಿಸಿದ್ದಕ್ಕೆ ಸಾಕ್ಷಿ ಹೇಳಲು ತಯಾರಾಗಿದ್ದಳು. ಥೆಲ್ಮಾ ಎಲ್ಲರಿಗೂ ಚಹಾ ಕೊಟ್ಟಳು, ನಾಚಿಕೆಯಿಂದ ಕೆಂಪಾದಳು, ನನ್ನನ್ನು ಅಡುಗೆಮನೆಗೆ ಎಳೆದು, "ಮಾನ ಕಳೆದೆಯಲ್ಲೋ, ಅಂಗಡಿ ಕಿಟಕಿಗೆ ಹಾಕಿ!" ಎಂದು ಗದರಿದಳು. ಆದರೆ ಕಣ್ಣಿನಲ್ಲಿ ಏನೋ ಹೊಳೆಯುತ್ತಿತ್ತು. ಅಷ್ಟು ದಿನದ ಮೇಲೆ ಅವಳ ಬೆನ್ನು ನೆಟ್ಟಗಾಗಿದ್ದು ಅವತ್ತೇ.

ಎಲ್ಲರ ಹಿಂದೆ, ಒಳಗೆ ಬರಲೋ ಬೇಡವೋ ಎಂದು ಬಾಗಿಲ ಬಳಿ ಕಾಲು ಒರೆಸುತ್ತಲೇ ಇದ್ದ ಒಬ್ಬ ದಾಂಡಿಗ. ತೋಳು ತುಂಬ ಹಚ್ಚೆ, ಪ್ಯಾಂಟಿನ ಮೇಲೆ ಸುಣ್ಣ. ಗೋಡೆಗೆ ಪ್ಲಾಸ್ಟರ್ ಮಾಡುವ ಕೆಲಸದವನು. ಹೊರಗೆ ಬಿಳಿ ವ್ಯಾನು ನಿಂತಿತ್ತು.

"ಮಿಸೆಸ್ ಬಿ, ನಾನು ಕ್ರೇಗ್. ನೆನಪಿದೀನಾ?"

ಥೆಲ್ಮಾ ಕನ್ನಡಕ ಏರಿಸಿದಳು. "ನೀನಾ! ಕೋಲು ಎತ್ತೋಕೆ ಮುಂಚೆನೇ ರಸ್ತೆಗೆ ಹಾರ್ತಿದ್ದವನು! ಅಲ್ಲಿ ಕೂತಿದಾನಲ್ಲ, ಅವನ ಬಸ್ಸಿನ ಚಕ್ರಕ್ಕೆ ಸಿಗ್ತಿದ್ದೆ ಒಂದ್ಸಲ. ಕಾಲರ್ ಹಿಡಿದು ಎಳೆದಿದ್ದೆ."

ನನಗೂ ನೆನಪಾಯಿತು. ಅವತ್ತು ಒತ್ತಿದಷ್ಟು ಜೋರಾಗಿ ನಾನು ಬ್ರೇಕು ಮತ್ತೆಂದೂ ಒತ್ತಿಲ್ಲ.

"ಹೌದು. ಕಾಲರ್ ಹರಿದು ಅಮ್ಮನ ಹತ್ರ ಏಟು ತಿಂದಿದ್ದೆ," ಎಂದು ಕ್ರೇಗ್ ತಲೆ ಕೆರೆದುಕೊಂಡ. "ಮೊನ್ನೆ ನಡುವೆ ನುಗ್ಗಿದ್ದೂ ನಾನೇ. ನೀವು ಅಂತ ಗೊತ್ತಿದ್ರೆ ನುಗ್ತಿರಲಿಲ್ಲ."

"ಬೇರೆಯವರಾಗಿದ್ರೆ ನುಗ್ಗಬಹುದೇನೋ?" ಎಂದಳು, ಹಳೆಯ ಧ್ವನಿಯಲ್ಲಿ.

ಅವನು ನೆಲ ನೋಡಿದ. ಆಮೇಲೆ ಜೇಬಿನಿಂದ ಫೋನು ತೆಗೆದ. "ನನ್ನ ವ್ಯಾನಿನ ಗಾಜಿಗೆ ಕ್ಯಾಮೆರಾ ಇದೆ, ಇನ್ಶೂರೆನ್ಸಿನೋರು ಹಾಕಿಸಿದ್ದು. ನಿಮ್ಮ ಹಿಂದೇನೇ ಕಾಯ್ತಿದ್ದೆನಲ್ಲ, ಅದರಲ್ಲಿ ಎಲ್ಲಾ ಬಂದಿದೆ. ಬೇಕಾಗುತ್ತಾ?"

ಬೇಕಾಗುತ್ತಾ ಅಂತೆ! ನಾನು ಅವನನ್ನು ಅಪ್ಪಿಕೊಳ್ಳುವುದೊಂದು ಬಾಕಿ. ಎಲ್ಲರೂ ಆ ಪುಟ್ಟ ಪರದೆಯ ಮೇಲೆ ಬಗ್ಗಿದೆವು. ಹಳದಿ ಕಾರು ಇಂಜಿನ್ ಓಡುತ್ತಲೇ ನಡುದಾರಿಯಲ್ಲಿ ನಿಂತಿದೆ. ಮಗುವಿನ ತಾಯಿಗೆ ಕೈ, ಊರುಗೋಲಿನವನಿಗೆ ಕೈ, ಕುಂಡಕ್ಕೆ ಕೈ. ಆಮೇಲೆ ಬೂದು ಕಾರು. ನೀವು, ನೀವು, ಛೆ ನೀವು. ಕೊನೆಗೆ ವ್ಯಾನಿನೊಳಗಿನ ಕ್ರೇಗ್‌ನ ಧ್ವನಿಯೂ ಸಿಕ್ಕಿತ್ತು, ಅವನು ಹೇಳಿದ ಮಾತನ್ನು ಇಲ್ಲಿ ಬರೆಯಲಾಗುವುದಿಲ್ಲ. ಮಿಸ್ಟರ್ ಸಗ್ಡನ್ ಕಿವಿ ಮುಚ್ಚಿಕೊಂಡರು. ಥೆಲ್ಮಾ ನಕ್ಕು ನಕ್ಕು ಕಣ್ಣು ಒರೆಸಿಕೊಂಡಳು. ಜಗತ್ತಿನ ಒಳ್ಳೆಯತನಕ್ಕೆಲ್ಲ ಸಾಕ್ಷಿ ಸಿಕ್ಕಿದ್ದು ಒಬ್ಬ ನುಗ್ಗುವವನ ಹತ್ತಿರ! ನನ್ನಂಥ ನುಗ್ಗುವವನಿಗೆ ಅದರಿಂದ ಸ್ವಲ್ಪ ಸಮಾಧಾನವೇ ಆಯಿತು.

ಮಂಡಳಿಗೆ ಮನವಿಯನ್ನು ಈ ಸಲ ನಾನು ಹೇಳಿದ ಹಾಗೆ ಅವಳು ಬರೆದಳು. ಒಂದು ಕ್ಷಮೆಯೂ ಇಲ್ಲ. 'ನಾನು ವಾಹನ ನಿಲ್ಲಿಸಿಲ್ಲ. ಜಾಗಕ್ಕಾಗಿ ಕಾಯುತ್ತಿದ್ದೆ. ಸಾಕ್ಷಿ ಲಗತ್ತಿಸಿದೆ.' ಇಷ್ಟೇ. ಸಹಿ ಹಾಕಿ ಪೆನ್ನಿನ ಮುಚ್ಚಳ ಹಾಕಿದಳು. "ಇಷ್ಟು ಒರಟಾಗಿ ನಾನು ಯಾರಿಗೂ ಬರೆದವಳಲ್ಲ ಕಣೋ," ಎಂದಳು.

ಆಮೇಲೆ ಕಾಯುವುದು. ಆ ವಾರಗಳಲ್ಲಿ ಥೆಲ್ಮಾ ಕಾರು ಮುಟ್ಟಲಿಲ್ಲ. ಗುರುವಾರ ಬಂದರೆ ಮಾತ್ರ ಹೊರಗೆ ಹೋಗಿ ಅದನ್ನು ತೊಳೆಯುತ್ತಿದ್ದಳು, ಮಾರುವ ಮುಂಚೆ ದನ ತೊಳೆಯುವ ಹಾಗೆ. ನಾನು ಕಿಟಕಿಯಲ್ಲಿ ನಿಂತು ನೋಡುತ್ತಿದ್ದೆ. ಪೈ ತಿನ್ನದೆ ನಾನು ಸೊರಗಿದ್ದು ಬೇರೆ ಮಾತು. ಅವಳು ಆ ಕಾರಿನ ಕನ್ನಡಿ ಒರೆಸುವುದನ್ನು ನೋಡಲಾಗದೆ ಒಂದೆರಡು ಸಲ ಪರದೆ ಎಳೆದುಬಿಟ್ಟೆ.

ಉತ್ತರ ಬಂದಾಗ ಲಕೋಟೆ ಒಡೆಯದೆ ನನ್ನ ಹತ್ತಿರ ತಂದಳು. ನಾನು ಒಡೆದೆ, ಅಕ್ಷರ ಕಾಣಲಿಲ್ಲ, ಅವಳಿಗೇ ಕೊಟ್ಟೆ. ನಿಂತೇ ಓದಿದಳು. ಆಮೇಲೆ ಕೂತಳು.

"ಏನಂತೆ?"

"'ವಾಹನ ನಿಲ್ಲಿಸಿದ್ದಕ್ಕೆ ಆಧಾರವಿಲ್ಲ. ಮನವಿದಾರರು ಇತರರಿಗೆ ಅವಕಾಶ ಕೊಡುತ್ತಾ ಕಾಯುತ್ತಿದ್ದುದು ಸ್ಪಷ್ಟವಾಗಿದೆ. ಮನವಿ ಪುರಸ್ಕರಿಸಲಾಗಿದೆ.'" ಇನ್ನೊಮ್ಮೆ ಓದಿದಳು. "ಕಾಯ್ತಿದ್ದೆ ಅಂತ ಬರ್ದಿದಾರೆ ಸೆಡ್ರಿಕ್. ಹಿಂಜರಿಕೆ ಅಂತ ಬರ್ದಿಲ್ಲ."

ನಾನು ಡ್ರಾಯರಿನ ಬೀಗ ತೆಗೆದು, ಮಾರಾಟದ ರಟ್ಟನ್ನು ಒಲೆಗೆ ಹಾಕಿದೆ.

ಮುಂದಿನ ಗುರುವಾರ ಅದೇ ಕಾರ್ ಪಾರ್ಕಿಗೆ ಹೋದೆವು. ಬೇರೆ ಕಡೆ ಜಾಗವಿತ್ತು, ಆದರೆ ಅಲ್ಲಿಗೇ ಹೋಗಬೇಕೆಂದು ನಾನು ಹಟ ಹಿಡಿದೆ. ತುಂಬಿತ್ತು. ಒಂದು ಜಾಗ ಖಾಲಿಯಾಯಿತು. ಎದುರಿಗೆ ನೋಡಿದರೆ, ದೇವರಾಣೆ, ಅದೇ ಬೂದು ಕಾರು, ಅದೇ ಟೈ. ಸಂತೆಯ ದಿನ ಸಗ್ಡನ್ ಇನ್ನೆಲ್ಲಿಗೆ ಹೋಗಬೇಕು? ಥೆಲ್ಮಾ ಕೈ ಎತ್ತಿದಳು. ಅವರು ಹ್ಯಾಟು ಎತ್ತಿದರು. ಹಿಂದೆ ನಾಲ್ಕು ಕಾರು ಸಾಲುಗಟ್ಟಿ ನಿಂತವು. ಯಾರೂ ಹಾರನ್ ಮಾಡಲಿಲ್ಲ. ಕಿಟಕಿಗಳಿಂದ ಕೈಗಳು ಹೊರಗೆ ಬಂದವು, ಎಲ್ಲ ಕೈಗಳೂ ಹಳದಿ ಕಾರಿಗೆ ದಾರಿ ತೋರಿಸುತ್ತಿದ್ದವು. ಅಂಗಡಿ ಕಿಟಕಿಯ ಕಾಗದ ಊರೆಲ್ಲ ಓದಿತ್ತಲ್ಲ.

ಥೆಲ್ಮಾ ಅಲುಗಲಿಲ್ಲ. ಸ್ಟೀರಿಂಗ್ ಹಿಡಿದು, "ಆಗಲ್ಲ ಕಣೋ. ಇಷ್ಟು ಜನ ಕಾಯ್ತಿರುವಾಗ ನಾನು ಹೇಗೆ ಹೋಗ್ಲಿ?" ಎಂದಳು. ಗಲ್ಲ ಒದ್ದೆಯಾಗಿತ್ತು.

ನಾನು ಬಾಗಿಲು ತೆಗೆದು ಇಳಿದೆ. ನಡುದಾರಿಗೆ ಹೋದೆ. ಕೋಲು ಇರಲಿಲ್ಲ, ಸಾಮಾನು ತರುವ ಚೀಲವಿತ್ತು, ಅದನ್ನೇ ಮೇಲಕ್ಕೆ ಎತ್ತಿ ಹಿಡಿದೆ. ಸಗ್ಡನ್ನರ ಕಾರಿಗೆ ಇನ್ನೊಂದು ಕೈ ಅಡ್ಡ ಚಾಚಿದೆ. ಜೀವಮಾನದಲ್ಲಿ ಯಾರಿಗೂ ದಾರಿ ಬಿಡದವನು, ಕಾಲು ಅಗಲಿಸಿ ಇಡೀ ಕಾರ್ ಪಾರ್ಕು ನಿಲ್ಲಿಸಿ ನಿಂತೆ.

"ಬಾ ಕಂದ, ದಾಟು!" ಎಂದು ಕೂಗಿದೆ.

ಹಳದಿ ಕಾರು ಮೆಲ್ಲಗೆ ಚಲಿಸಿತು. ನನ್ನ ಮುಂದೆ ಹಾದುಹೋಗುವಾಗ ಅವಳು, ಚಿಕ್ಕ ಮಕ್ಕಳು ಅವಳಿಗೆ ಮಾಡುತ್ತಿದ್ದ ಹಾಗೆ, ನನಗೆ ಕೈ ಬೀಸಿದಳು. ಒಳಗೆ ಹೋಗಿ ಗೆರೆಗಳ ನಡುವೆ ಅಚ್ಚುಕಟ್ಟಾಗಿ ನಿಲ್ಲಿಸಿದಳು. ನಾನು ಚೀಲ ಇಳಿಸಿ ಕಣ್ಣು ಒರೆಸಿಕೊಂಡೆ. ಅದಕ್ಕೆ ಕಾರಣ ಹೊಗೆ ಎಂದು ಆಮೇಲೆ ಹೇಳಿದ್ದೇನೆ.

ಟಿಕೆಟ್ ಯಂತ್ರದ ಮುಂದೆ ಸಾಲಿತ್ತು. ನಮ್ಮ ಸರದಿ ಬಂತು. ಥೆಲ್ಮಾ ಪರ್ಸು ತೆಗೆದಳು, ಹಿಂದಕ್ಕೆ ತಿರುಗಿದಳು, ಹಿಂದಿದ್ದ ಅಪರಿಚಿತನ ಮುಖ ನೋಡಿದಳು, ಬಾಯಿ ತೆರೆದಳು. ಏನು ಹೇಳಲು ಹೊರಟಿದ್ದಾಳೆ ಎಂದು ನನಗೆ ಗೊತ್ತಿತ್ತು. ಕೋಟಿನ ಕಾಲರ್ ಹಿಡಿದು ಯಂತ್ರದ ಕಡೆಗೆ ತಿರುಗಿಸಿದೆ.

"ಕ್ಷಮಿಸಿ," ಎಂದಳು ಅವನಿಗೆ.

"ಛೆ, ಛೆ, ನೀವು ಕ್ಷಮಿಸಿ," ಎಂದ ಅವನು.

ಅವತ್ತು ಮೇವಿಸ್ ನಮಗಾಗಿ ಎರಡು ಪೈ ಎತ್ತಿಟ್ಟಿದ್ದಳು.